ಮರಳು ಮರಳಿ ಗಣಿಗೆ: ಒಂದು ಸ್ಟೋಪ್ ತುಂಬಿಸುವ ಕೆಲಸ

ಒಂದು ಟನ್ ಚಿನ್ನದ ಅದಿರು ಅರೆದರೆ ಕೈಗೆ ಸಿಗುವ ಚಿನ್ನ ಕೆಲವೇ ಗ್ರಾಂ. ಉಳಿದದ್ದು, ಅಂದರೆ ಹೆಚ್ಚುಕಡಿಮೆ ಇಡೀ ಟನ್ನು, ನುಣ್ಣನೆಯ ಪುಡಿಯಾಗಿ ನೀರಿನಲ್ಲಿ ಬೆರೆತು ಮಿಲ್ಲಿನ ಆಚೆ ತುದಿಯಿಂದ ರಾಡಿಯಾಗಿ ಹೊರಬೀಳುತ್ತದೆ. ಇದೇ ಟೇಲಿಂಗ್. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ಹೀಗೆ ಬಂದದ್ದು ಸೈನೈಡ್ ದಿಬ್ಬಗಳಾಗಿ ಇವತ್ತಿಗೂ ಊರ ನಡುವೆ ನಿಂತಿದೆ. ಅಲ್ಲಿ ನೆಲದಡಿಯ ಪೊಳ್ಳಿಗೆ ಆಸರೆಯಾಗಿ ಕಟ್ಟುತ್ತಿದ್ದದ್ದು ಗ್ರಾನೈಟ್ ಕಲ್ಲಿನ ಗೋಡೆಗಳನ್ನು. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಗಣಿಯಲ್ಲಿ, ಜಾರ್ಖಂಡದ ಜಾದುಗೂಡದ ಯುರೇನಿಯಂ ಗಣಿಯಲ್ಲಿ ದಾರಿ ಬೇರೆ. ಮಿಲ್ಲಿನ ಮರಳಿನಿಂದ ನುಣುಪು ಕೆಸರನ್ನು ಬೇರ್ಪಡಿಸಿ, ಮರಳನ್ನು ಪೈಪಿನಲ್ಲಿ ಕೆಳಗಿಳಿಸಿ, ಅದಿರು ತೆಗೆದ ಪೊಳ್ಳಿಗೇ, ಅಂದರೆ ಸ್ಟೋಪಿಗೇ, ತುಂಬುತ್ತಾರೆ.

ಹೊರಗಿನಿಂದ ನೋಡುವವರಿಗೆ ಇದು ಗುಂಡಿ ಮುಚ್ಚುವ ಕೆಲಸ. ಮಾಡುವ ನಮಗೆ ಇದು ನೀರು ತೆಗೆಯುವ ಕೆಲಸ. ಮರಳು ತನ್ನ ಪಾಡಿಗೆ ತಾನು ಹೋಗಿ ಕೂರುತ್ತದೆ. ಅದನ್ನು ಹೊತ್ತು ತಂದ ನೀರನ್ನು ಹೊರಗೆ ಕಳಿಸುವುದರಲ್ಲೇ ಎಲ್ಲ ಪಾಡು.

ಲೆಕ್ಕಕ್ಕೆ ಒಂದು ಸ್ಟೋಪ್ ಹಿಡಿಯೋಣ. ಉದ್ದ 60 ಮೀಟರ್, ಅಗಲ 2.5 ಮೀಟರ್, ಎರಡು ಲೆವೆಲ್‌ಗಳ, ಅಂದರೆ ಒಂದರ ಮೇಲೊಂದಿರುವ ಸುರಂಗದ ಅಂತಸ್ತುಗಳ, ನಡುವೆ ಎತ್ತರ 30 ಮೀಟರ್. ನೆಟ್ಟಗೆ ನಿಂತ ಕಿರಿದಾದ ಲೋಡ್, ಅಂದರೆ ಅದಿರಿನ ಪಟ್ಟೆ. ಪೊಳ್ಳು 4,500 ಘನ ಮೀಟರ್. ಘನ ಮೀಟರಿಗೆ 2.8 ಟನ್‌ನಂತೆ ಅದರಿಂದ 12,600 ಟನ್ ಕಲ್ಲು ಮೇಲೆ ಹೋಗಿದೆ. ಆದರೆ ಅರೆದ ಕಲ್ಲು ಎಷ್ಟೇ ಒತ್ತಿ ಕೂತರೂ ಮತ್ತೆ ಕಲ್ಲಾಗುವುದಿಲ್ಲ. ಕೆಳಗೆ ಕೂತ ಮರಳಿನ ಒಣ ತೂಕ ಘನ ಮೀಟರಿಗೆ ಸುಮಾರು 1.5 ಟನ್. ಹಾಗಾಗಿ ಈ ಸ್ಟೋಪಿಗೆ ಹಿಡಿಯುವುದು 6,750 ಟನ್, ಬಂದದ್ದರ ನೂರಕ್ಕೆ 54 ಪಾಲು. ಗಣಿಯಿಂದ ತೆಗೆದದ್ದನ್ನೆಲ್ಲ ಗಣಿಗೇ ತುಂಬಿಬಿಡಿ ಎಂದು ಸಲಹೆ ಕೊಡುವವರಿಗೆ ಈ ಒಂದು ಭಾಗಾಕಾರ ಸಾಕು.

ಉಳಿದ ಅರ್ಧ, ಮೇಲೆ ಏರಿ ಕಟ್ಟಿ ರಾಡಿ ನಿಲ್ಲಿಸುವ ಟೇಲಿಂಗ್ ಕೆರೆಗೆ ಹೋಗಲೇಬೇಕು. ಅಲ್ಲೊಂದು ತೊಡಕಿದೆ. ನಾವು ಕೆಳಗೆ ಕಳಿಸುವುದು ದಪ್ಪ ಕಣ. ಕೆರೆಗೆ ಉಳಿಯುವುದು ನುಣುಪು ಕೆಸರು. ಹಲವು ಕಡೆ ಟೇಲಿಂಗ್ ಕೆರೆಯ ಏರಿಯನ್ನು ಅದೇ ದಪ್ಪ ಮರಳಿನಿಂದ ಎತ್ತರಿಸುತ್ತಾ ಹೋಗುತ್ತಾರೆ. ಆ ಮರಳನ್ನು ಗಣಿ ನುಂಗಿದ ಮೇಲೆ ಏರಿಗೆ ಬೇರೆ ಮಣ್ಣು, ಬೇರೆ ಕಲ್ಲು ತರಬೇಕು. ಒಳಗಿನ ಕೆಸರೂ ಬೇಗ ಗಟ್ಟಿಯಾಗುವುದಿಲ್ಲ. ಸ್ಟೋಪ್ ತುಂಬುವ ಯೋಜನೆ ಬರೆಯುವವರು ಕೆರೆಯ ಎಂಜಿನಿಯರ್ ಜೊತೆ ಕೂತೇ ಬರೆಯಬೇಕು.

ಕೆಲಸ ಶುರುವಾಗುವುದು ಮಿಲ್ಲಿನ ಮೇಲಿನ ಸೈಕ್ಲೋನುಗಳಲ್ಲಿ; ರಾಡಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಮರಳನ್ನು ಕೆಳಬಾಯಿಗೂ ನುಣುಪು ಕೆಸರನ್ನು ಮೇಲಕ್ಕೂ ಬೇರ್ಪಡಿಸುವ ಕೊಳವೆಗಳಿವು. ಮಿಲ್ಲಿನ ರಾಡಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 70–80 ಪಾಲು 75 ಮೈಕ್ರಾನಿಗಿಂತ ಸಣ್ಣದು. ಅದನ್ನು ಹಾಗೇ ಸ್ಟೋಪಿಗೆ ಬಿಟ್ಟರೆ ವರ್ಷ ಕಳೆದರೂ ಹೂಳೆತ್ತದ ಕೆರೆಯ ತಳದಂತೆ ಮೆತ್ತಗೇ ಇರುತ್ತದೆ. ಸೈಕ್ಲೋನಿನ ಕೆಳಬಾಯಿಯಿಂದ ಬರುವ ಮರಳಿನಲ್ಲಿ 10 ಮೈಕ್ರಾನಿಗಿಂತ ಸಣ್ಣ ಕಣ ನೂರಕ್ಕೆ 10ರೊಳಗೆ ಇರಬೇಕು ಎಂಬುದು ಎಲ್ಲೆಡೆ ನಡೆದುಬಂದ ಅಳತೆ. ನೀರು ಇಳಿಯುವ ವೇಗಕ್ಕೂ ಹಾಗೇ ಒಂದು ಅಳತೆಯಿದೆ, ಗಂಟೆಗೆ 100 ಮಿಲಿಮೀಟರ್.

ಸೈಕ್ಲೋನಿನ ಆರೋಗ್ಯ ಅದರ ಕೆಳಬಾಯಿಯಲ್ಲಿ ಕಾಣುತ್ತದೆ. ಮರಳು ಅರ್ಧ ಬಿಚ್ಚಿದ ಕೊಡೆಯಂತೆ ಚಿಮ್ಮುತ್ತಿದ್ದರೆ ಸರಿ. ಹಗ್ಗದಂತೆ ಗಟ್ಟಿಯಾಗಿ ಇಳಿಯುತ್ತಿದ್ದರೆ ಬಾಯಿ ಚಿಕ್ಕದಾಯಿತು ಅಥವಾ ಹೊರೆ ಹೆಚ್ಚಾಯಿತು. ಒಳ್ಳೆಯ ಮರಳು ಮೇಲಿನಿಂದ ಕೆಸರಿನ ಜೊತೆ ಹೋಗಿಬಿಡುತ್ತದೆ. ಕೊಡೆ ಪೂರ್ತಿ ಬಿಚ್ಚಿಕೊಂಡು ತೆಳ್ಳಗೆ ಸಿಡಿಯುತ್ತಿದ್ದರೆ ಕೆಳಬಾಯಿಯ ರಬ್ಬರ್ ಸವೆದಿದೆ. ಮರಳಿನ ಜೊತೆ ನೀರೂ ಕೆಸರೂ ಕೆಳಗೆ ಬರುತ್ತಿದೆ. ಈ ಸವೆತ ದಿನಕ್ಕೆ ಇಷ್ಟಿಷ್ಟೇ ಆಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಕ್ಯಾಲಿಪರ್ ಹಿಡಿದು ಅಳೆದು ಬರೆದಿಡುವುದೊಂದೇ ದಾರಿ.

ಪ್ರಯೋಗಾಲಯದ ವರದಿ ಮರುದಿನ ಬರುತ್ತದೆ, ಮರಳು ಇವತ್ತೇ ಕೆಳಗೆ ಹೋಗುತ್ತದೆ. ಅದಕ್ಕೆ ಬಾಟಲಿ ಪರೀಕ್ಷೆ ಸಾಕು. ಗಾಜಿನ ಉದ್ದ ಜಾಡಿಯಲ್ಲಿ ತುಂಬ ನೀರಿಗೆ ಒಂದು ಚಮಚ ಮರಳು ಹಾಕಿ ಚೆನ್ನಾಗಿ ಕುಲುಕಿ ಇಡಿ. 20 ಮೈಕ್ರಾನಿನ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು ನಾಲ್ಕು ನಿಮಿಷ ಸಾಕು. 10 ಮೈಕ್ರಾನಿನದಕ್ಕೆ 15ರಿಂದ 17 ನಿಮಿಷ ಬೇಕು. ಕಾಲು ಗಂಟೆಯ ನಂತರವೂ ಮೇಲಿನ 10 ಸೆಂಟಿಮೀಟರ್ ನೀರು ಕಾಫಿಯಂತೆ ಕದಡಿಕೊಂಡೇ ಇದ್ದರೆ ಆ ಪಾಳಿಯ ಮರಳಲ್ಲಿ ಕೆಸರು ಜಾಸ್ತಿ. ಒಳ್ಳೆಯ ಮರಳಿನ ಜಾಡಿಯೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಹೊಸ ಹುಡುಗರೂ ಎರಡೇ ದಿನದಲ್ಲಿ ಕಲಿಯುತ್ತಾರೆ.

ಸೈಕ್ಲೋನಿನಿಂದ ಮರಳು ಕಲಕುವ ಟ್ಯಾಂಕಿಗೆ ಬರುತ್ತದೆ. ಟ್ಯಾಂಕಿನ ಬಾಯಿಗೆ 6 ಮಿಲಿಮೀಟರ್ ಜಾಲರಿ ಇರಲೇಬೇಕು. ಕಟ್ಟಿಗೆ ಚೂರು, ಹಗ್ಗದ ಎಳೆ, ವೆಲ್ಡಿಂಗ್ ಕಡ್ಡಿ, ಸಿಮೆಂಟ್ ಹೆಂಟೆ: ಪೈಪು ಕಟ್ಟಿದಾಗ ಬಿಚ್ಚಿ ನೋಡಿದರೆ ಸಿಗುವುದು ಇಂಥವೇ. ಇಲ್ಲಿ ನೀರು ಸೇರಿಸಿ ಹದ ಮಾಡುತ್ತೇವೆ. ತೂಕದ ಲೆಕ್ಕದಲ್ಲಿ ನೂರಕ್ಕೆ 70 ಪಾಲು ಮರಳು, 30 ಪಾಲು ನೀರು ನಮ್ಮ ಗುರಿ. ಒಂದು ಲೀಟರ್ ಹಿಡಿಯುವ ಮಾರ್ಸಿ ತಕ್ಕಡಿಯ ಡಬ್ಬಿಯಲ್ಲಿ ಆ ಹದದ ರಾಡಿ 1,820 ಗ್ರಾಂ ತೂಗುತ್ತದೆ. ಮರಳು 65ಕ್ಕೆ ಇಳಿದರೆ 1,720 ಗ್ರಾಂ. ವ್ಯತ್ಯಾಸ ನೂರೇ ಗ್ರಾಂ. ಪಂಪಿನವನಿಗೆ ತೆಳ್ಳಗಿದ್ದಷ್ಟೂ ನೆಮ್ಮದಿ, ಪೈಪು ಕಟ್ಟುವುದಿಲ್ಲ. ಹಾಗಾಗಿ ಯಾರೂ ನೋಡದಿದ್ದಾಗ ನೀರಿನ ವಾಲ್ವ್ ಅರ್ಧ ಸುತ್ತು ಹೆಚ್ಚು ತಿರುಗಿರುತ್ತದೆ.

ಆ ನೂರು ಗ್ರಾಮಿನ ಬೆಲೆ ಎಷ್ಟು? 70ರ ಹದದಲ್ಲಿ 6,750 ಟನ್ ಮರಳಿನ ಜೊತೆ ಸುಮಾರು 2,890 ಟನ್ ನೀರು ಸ್ಟೋಪಿಗೆ ಹೋಗುತ್ತದೆ. ಕೂತ ಮರಳಿನ ಸಂದುಗಳಲ್ಲಿ ಹಿಡಿಯುವುದು 2,090 ಟನ್. ಮಿಕ್ಕ 800 ಟನ್ ಹೆಚ್ಚುವರಿ; ಮರಳಿನ ಮೇಲೆ ನಿಂತು ದಾರಿ ಹುಡುಕುತ್ತದೆ. 65ರ ಹದದಲ್ಲಿ ಹೋಗುವುದು 3,635 ಟನ್. ಹೆಚ್ಚುವರಿ 1,545 ಟನ್. ಹದ ಐದು ಅಂಕ ಇಳಿದರೆ ಹೊರಗೆ ತೆಗೆಯಬೇಕಾದ ನೀರು ಹತ್ತಿರ ಹತ್ತಿರ ಇಮ್ಮಡಿ. ತಕ್ಕಡಿಯ ಅಳತೆಯನ್ನು ಪ್ರತಿ ಅರ್ಧ ಗಂಟೆಗೆ ಬರೆಯಿರಿ ಎಂದು ಹಟ ಹಿಡಿಯುವುದು ಇದಕ್ಕೇ.

ಮೇಲೆ ಇದೆಲ್ಲ ಸಜ್ಜಾಗುವ ಹೊತ್ತಿಗೆ ಕೆಳಗೆ ಒಡ್ಡು ಕಟ್ಟಿ ಮುಗಿದಿರಬೇಕು. ನಮ್ಮ ಸ್ಟೋಪಿನ ತಳದಲ್ಲಿ ಅದಿರು ಎಳೆದುಕೊಂಡ ನಾಲ್ಕು ಬಾಯಿಗಳಿವೆ ಎನ್ನಿ, ಒಂದೊಂದೂ 2.5 ಮೀಟರ್ ಅಗಲ, 2.5 ಮೀಟರ್ ಎತ್ತರ. ನಾಲ್ಕಕ್ಕೂ ಒಡ್ಡು ಬೇಕು. ಬಾಯಿಯ ತುದಿಯಲ್ಲೇ ಕಟ್ಟಬಾರದು. ಸುರಂಗದ ಅಗಲದಷ್ಟಾದರೂ ಹಿಂದೆ ಸರಿದು ಕಟ್ಟಬೇಕು. ಆ ಎರಡೂವರೆ ಮೀಟರಿನಲ್ಲಿ ಕೂತ ಮರಳು ಪಕ್ಕದ ಕಲ್ಲಿಗೆ ಆತುಕೊಂಡು ಒತ್ತಡವನ್ನು ತಾನೇ ಒಂದಿಷ್ಟು ನುಂಗಿಕೊಳ್ಳುತ್ತದೆ.

ನೆಲ ಕೆರೆದು ಗಟ್ಟಿ ಕಲ್ಲು ಕಾಣುವ ತನಕ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ. ಸುರಂಗದ ನೆಲದ ಮೇಲೆ ಒಂದಡಿ ಪುಡಿಕಲ್ಲು ಒತ್ತಿ ರಸ್ತೆಯಂತಾಗಿರುತ್ತದೆ. ಲೋಡರ್ ಓಡಿ ಓಡಿ ಕಾಂಕ್ರೀಟಿನಂತೆ ಕಾಣುತ್ತದೆ. ಅದರ ಮೇಲೆ ಗೋಡೆ ಎದ್ದರೆ ನೀರು ಗೋಡೆಯನ್ನು ಮುಟ್ಟುವುದೇ ಇಲ್ಲ, ಅಡಿಯಿಂದ ನುಸುಳಿ ಮರಳನ್ನು ಎಳೆದುಕೊಂಡು ಬರುತ್ತದೆ. ಪಕ್ಕಗಳಲ್ಲೂ ಮೇಲೂ ಸಡಿಲ ಕಲ್ಲು ಕೆಡವಿ, ಕಲ್ಲಿನಲ್ಲಿ ಕಚ್ಚು ತೋಡಿ, ಕಬ್ಬಿಣದ ಸಲಾಕೆಗಳನ್ನು ಕಲ್ಲಿಗೆ ನೆಟ್ಟು ಗಚ್ಚು ತುಂಬುತ್ತೇವೆ. ಗೋಡೆಯ ಉಬ್ಬು ಮರಳಿನ ಕಡೆಗೆ ಇರಬೇಕು, ಕಮಾನು ಅಣೆಕಟ್ಟಿನ ಹಾಗೆ. ಒತ್ತಿದಷ್ಟೂ ಪಕ್ಕದ ಕಲ್ಲಿಗೆ ಬಿಗಿಯುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ ಏಳು ದಿನ ಬಿಡುತ್ತೇವೆ. ಮಿಲ್ಲಿನಲ್ಲಿ ಟ್ಯಾಂಕು ತುಂಬಿ ತುಳುಕುತ್ತಿದೆ ಎಂಬ ಕಾರಣಕ್ಕೆ ಈ ಏಳು ದಿನ ಐದಾಗಬಾರದು.

ಒಡ್ಡಿನ ಮೂಲಕ ನೀರಿಗೆ ದಾರಿ ಬೇಕು. ತೂತು ಹೊಡೆದ 100 ಮಿಲಿಮೀಟರ್ ಪೈಪುಗಳಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ಸ್ಟೋಪಿನ ತಳದಲ್ಲಿ ಮಲಗಿಸಿ, ತುದಿಗಳನ್ನು ಗೋಡೆಯಿಂದ ಹೊರಗೆ ಬಿಡುತ್ತೇವೆ. ಹಿಂದೆಲ್ಲ ಎರಡು ಸುತ್ತು ಗೋಣಿತಟ್ಟು. ಈಗಲೂ ಅನೇಕ ಕಡೆ ಅದೇ. ಗೋಣಿ ಕೆಟ್ಟದ್ದೇನಲ್ಲ, ಆದರೆ ಹರಿದದ್ದು ಹೊರಗೆ ಕಾಣುವುದಿಲ್ಲ. ಸ್ಟೋಪಿನ ಉದ್ದಕ್ಕೆ ಎರಡು ಕಡೆ ಇಂಥದೇ ಪೈಪನ್ನು ಮೇಲಿನ ಲೆವೆಲ್‌ನಿಂದ ತಳದವರೆಗೆ ತಂತಿಹಗ್ಗದಲ್ಲಿ ಇಳಿಬಿಡುತ್ತೇವೆ. ಮರಳಿನ ಮೇಲೆ ನಿಂತ ನೀರಿಗೆ ನೇರ ದಾರಿ ಇದೊಂದೇ. ಕಲ್ಲು ಬಿದ್ದು ಮುರಿಯುವುದೂ ಇದೇ. ಎರಡರಲ್ಲಿ ಒಂದು ಹೋಗುತ್ತದೆ ಎಂದುಕೊಂಡೇ ಲೆಕ್ಕ ಹಾಕಬೇಕು.

ಇನ್ನು ಪೈಪು. ಮೇಲ್ಮೈಯಿಂದ ಕೊರೆದ ರಂಧ್ರದಲ್ಲೋ, ಗಣಿಗೆ ಇಳಿಯುವ ಬಾವಿಯಾದ ಶಾಫ್ಟಿನಲ್ಲೋ ರಾಡಿ ತನ್ನ ಭಾರದಿಂದಲೇ ಇಳಿಯುತ್ತದೆ. 100 ಮಿಲಿಮೀಟರ್ ಪೈಪಿನಲ್ಲಿ ಸೆಕೆಂಡಿಗೆ 2 ಮೀಟರ್ ವೇಗ ಇಟ್ಟುಕೊಂಡರೆ ಗಂಟೆಗೆ 72 ಟನ್ ಒಣ ಮರಳು ಹೋಗುತ್ತದೆ. ಸ್ಟೋಪಿನಲ್ಲಿ ಅದು 48 ಘನ ಮೀಟರ್. ವೇಗ 1.5ಕ್ಕಿಂತ ಕೆಳಗಿಳಿದರೆ ಅಡ್ಡ ಪೈಪುಗಳಲ್ಲಿ ಮರಳು ತಳ ಹಿಡಿಯಲು ಶುರು. ತೀರಾ ಜೋರಾದರೆ ಪೈಪೇ ಸವೆಯುತ್ತದೆ. ಅಡ್ಡ ಪೈಪು ಯಾವಾಗಲೂ ಅಡಿಯಲ್ಲೇ ಸವೆಯುವುದರಿಂದ ಕೆಲವು ತಿಂಗಳಿಗೊಮ್ಮೆ ಕಪ್ಲಿಂಗ್ ಸಡಿಲಿಸಿ ಪೈಪನ್ನು ಕಾಲು ಸುತ್ತು ತಿರುಗಿಸುತ್ತೇವೆ. ತಿರುವುಗಳು ಉದ್ದ ಬಾಗಿನವೇ ಆಗಬೇಕು. ಅಲ್ಲಿ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುವುದು ತಿಂಗಳ ಕೆಲಸ. ನೆಟ್ಟಗೆ ಇಳಿಯುವ ಪೈಪಿನಲ್ಲಿ ರಾಡಿ ತುಂಬಿಕೊಂಡು ಹರಿಯದೆ ಗಾಳಿಯ ಜೊತೆ ಧುಮುಕುತ್ತಿದ್ದರೆ, ಅದು ಬಂದು ಅಪ್ಪಳಿಸುವ ಜಾಗದಲ್ಲಿ ಉಕ್ಕು ಬೇಗ ತೂತು ಬೀಳುತ್ತದೆ. ಶಾಫ್ಟಿನ ಪಕ್ಕ ನಿಂತರೆ ಪೈಪು ಗುಡುಗುವುದು ಕೇಳಿಸುತ್ತದೆ.

ಬಿಡುವ ದಿನ ಮೊದಲು ಹೋಗುವುದು ಬರೀ ನೀರು. ಕೆಳಗಿನ ತುದಿಯಲ್ಲಿ ನಿಂತವನು ಫೋನಿನಲ್ಲಿ ‘ನೀರು ಬಂತು’ ಎಂದ ಮೇಲೆಯೇ ಟ್ಯಾಂಕಿನ ವಾಲ್ವ್ ತೆರೆಯುವುದು. ಮುಗಿಸುವಾಗಲೂ ಮತ್ತೆ ನೀರು ಬಿಟ್ಟು ಪೈಪು ತೊಳೆಯಬೇಕು. 800 ಮೀಟರ್ ಪೈಪಿನ ಒಳಗೆ 6 ಘನ ಮೀಟರಿಗಿಂತ ಹೆಚ್ಚು ಹಿಡಿಯುತ್ತದೆ. ಸರಿಯಾಗಿ ತೊಳೆಯಲು ಹತ್ತು ಘನ ಮೀಟರ್ ಬೇಕು. ಶುರುವಿಗೆ ಹತ್ತು, ಕೊನೆಗೆ ಹತ್ತು, ಸುಮಾರು ಇಪ್ಪತ್ತೆರಡು ದಿನ: 440 ಘನ ಮೀಟರ್ ಬರೀ ತೊಳೆದ ನೀರು! ಮೇಲೆ ಹೇಳಿದ 800 ಟನ್‌ಗೆ ಇದು ಸೇರಿಕೊಂಡರೆ ಹದ ಕಾಯ್ದುಕೊಂಡದ್ದೆಲ್ಲ ನೀರುಪಾಲು. ಸ್ಟೋಪಿನ ಬಾಯಲ್ಲಿ ಮೂರು ದಾರಿಯ ವಾಲ್ವ್ ಇಟ್ಟು ತೊಳೆದ ನೀರನ್ನು ಪಕ್ಕದ ಚರಂಡಿಗೆ ತಿರುಗಿಸುವುದು ದೊಡ್ಡ ಖರ್ಚಲ್ಲ. ಆದರೆ ಆ ವಾಲ್ವ್ ತಿರುಗಿಸಲು ಅಲ್ಲೊಬ್ಬ ಮನುಷ್ಯ ಇರಬೇಕು.

ಪೈಪು ಕಟ್ಟುವುದು ಕರೆಂಟು ಹೋದಾಗ, ಹದ 75 ದಾಟಿದಾಗ, ಇಲ್ಲವೇ ಜಾಲರಿ ಹರಿದಾಗ. ಕಟ್ಟಿದ್ದು ಎಲ್ಲಿ ಎಂದು ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತೇವೆ. ಖಾಲಿ ಪೈಪು ಟಣ್ ಎನ್ನುತ್ತದೆ, ಮರಳು ತುಂಬಿದ್ದು ದಪ್ ಎನ್ನುತ್ತದೆ. ಸಿಕ್ಕಿತೆಂದು ಕಪ್ಲಿಂಗಿಗೆ ಸ್ಪ್ಯಾನರ್ ಹಾಕುವುದೇ ಈ ಕೆಲಸದ ಅತ್ಯಂತ ಅಪಾಯದ ಗಳಿಗೆ. 300 ಮೀಟರ್ ಎತ್ತರದ ರಾಡಿ ಹಿಂದೆ ನಿಂತಿದ್ದರೆ ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ 54 ಕಿಲೋ. ಲಾರಿ ಟೈರಿನ ಗಾಳಿ 8 ಕಿಲೋ ಇರಬಹುದು, ಹೋಲಿಸಿಕೊಳ್ಳಿ. ಮೊದಲು ಮೇಲಿನ ವಾಲ್ವ್ ಮುಚ್ಚಿ ಬೀಗ ಹಾಕಬೇಕು. ಕಟ್ಟಿದ ಜಾಗದ ಮೇಲ್ಭಾಗದ ಬ್ಲೀಡ್ ವಾಲ್ವ್ ತೆರೆದು ಒತ್ತಡ ಇಳಿಸಬೇಕು. ಆಮೇಲೆ ಪೈಪಿನ ಪಕ್ಕದಲ್ಲಿ ನಿಂತು, ಬಾಯಿಗೆ ಎದುರಾಗದೆ, ಬೋಲ್ಟನ್ನು ತೆಗೆಯದೆ ಎರಡು ಸುತ್ತು ಸಡಿಲಿಸಿ ಕಾಯಬೇಕು. ಬ್ಲೀಡ್ ವಾಲ್ವಿನಿಂದ ಏನೂ ಬರಲಿಲ್ಲ ಎಂದರೆ ಒತ್ತಡ ಇಲ್ಲವೆಂದಲ್ಲ, ಅದರ ಬಾಯಿಗೂ ಮರಳು ಕೂತಿರಬಹುದು.

ಮೊದಲ ನಾಲ್ಕು ಮೀಟರ್ ತುಂಬುವುದು ಬೇರೆಯದೇ ಕೆಲಸ. ಬಾಯಿಗಳ ನೆತ್ತಿ ಮುಚ್ಚುವ ತನಕ ಒಡ್ಡಿಗೂ ಸ್ಟೋಪಿಗೂ ನೇರ ಸಂಪರ್ಕ ಇರುತ್ತದೆ. ಅಷ್ಟನ್ನು ಸಿಮೆಂಟ್ ಬೆರೆಸಿ ಬಿರಡೆಯಂತೆ ಹಾಕುತ್ತೇವೆ, 20 ಪಾಲು ಮರಳಿಗೆ 1 ಪಾಲು ಸಿಮೆಂಟ್. 600 ಘನ ಮೀಟರಿಗೆ 900 ಟನ್ ಮರಳು, 45 ಟನ್ ಸಿಮೆಂಟ್, ಅಂದರೆ 900 ಚೀಲ. ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ಮಾತ್ರ ಬಿಡುವುದು. ನಮ್ಮ ಸ್ಟೋಪಿನ 150 ಚದರ ಮೀಟರ್ ತಳದಲ್ಲಿ ಅದು ಅರ್ಧ ಮೀಟರಿನಷ್ಟು ಏರುತ್ತದೆ. ಬಿರಡೆ ಮುಗಿದ ಮೇಲೆ ಒಂದು ವಾರ ಪೂರ್ತಿ ಬಿಡುವು. ಇಡೀ ಸ್ಟೋಪಿಗೆ ಇದೇ ಪ್ರಮಾಣ ಹಾಕಿದರೆ 6,750 ಚೀಲ ಬೇಕು. ಮುಂದೆ ಪಕ್ಕದಲ್ಲೋ ಅಡಿಯಲ್ಲೋ ಅದಿರು ತೆಗೆದು ಈ ಮರಳನ್ನು ಬಯಲಿಗೆ ಬಿಡುವ ಯೋಜನೆ ಇದ್ದರೆ ಮಾತ್ರ ಆ ಖರ್ಚಿಗೆ ಅರ್ಥ. ಇಲ್ಲವಾದರೆ ಮೇಲಿನ 26 ಮೀಟರ್ ಬರೀ ಮರಳೇ ಸಾಕು.

ಸಿಮೆಂಟಿಗೂ ಒಂದು ಕೆಟ್ಟ ಗುಣವಿದೆ. ಹದ ತೆಳ್ಳಗಿದ್ದರೆ ಅದು ಮರಳಿನ ಜೊತೆ ಕೂರುವುದಿಲ್ಲ. ನೀರಿನ ಜೊತೆ ತೇಲಿಹೋಗಿ ಬಟ್ಟೆಯ ಕಣ್ಣುಗಳಲ್ಲಿ ಗಟ್ಟಿಯಾಗಿ, ನೀರಿನ ದಾರಿಯನ್ನೇ ಮುಚ್ಚುತ್ತದೆ. ಮರಳು ಮೆತ್ತಗೇ ಉಳಿಯಿತು, ಪೈಪು ಕಲ್ಲಾಯಿತು.

ಬಿರಡೆ ಗಟ್ಟಿಯಾದ ಮೇಲೆ ದಿನಕ್ಕೆ ಆರು ಗಂಟೆ ಬಿಡಬಹುದು, ಸುಮಾರು ಎರಡು ಮೀಟರ್ ಏರುತ್ತದೆ. ಬರೀ ಪೈಪಿನ ಲೆಕ್ಕದಲ್ಲಿ ಇಡೀ ಸ್ಟೋಪ್ 94 ಗಂಟೆಯ ಕೆಲಸ. ಕ್ಯಾಲೆಂಡರಿನಲ್ಲಿ ತಿಂಗಳು ಮೀರುತ್ತದೆ. ಈಗ ಕಣ್ಣೆಲ್ಲ ಚರಂಡಿಯ ಮೇಲೆ. ಲೆವೆಲ್‌ನ ಚರಂಡಿಗೆ ಅಡ್ಡಲಾಗಿ ತಗಡೊಂದನ್ನು ನಿಲ್ಲಿಸಿ, ಅದರಲ್ಲಿ 90 ಡಿಗ್ರಿಯ ‘ವಿ’ ಆಕಾರ ಕತ್ತರಿಸಿ, ಪಕ್ಕದಲ್ಲಿ ಸ್ಕೇಲು ಅಂಟಿಸುತ್ತೇವೆ. ಇಡೀ ಗಣಿಯಲ್ಲಿ ಇಷ್ಟು ಅಗ್ಗದ, ಇಷ್ಟು ಸತ್ಯ ಹೇಳುವ ಉಪಕರಣ ಇನ್ನೊಂದಿಲ್ಲ. 70ರ ಹದದಲ್ಲಿ ಗಂಟೆಗೆ 8.5 ಘನ ಮೀಟರ್ ಹೆಚ್ಚುವರಿ ನೀರು ಹೊರಬರಬೇಕು. ಆಗ ‘ವಿ’ಯಲ್ಲಿ ನೀರಿನ ಎತ್ತರ ಸುಮಾರು 8 ಸೆಂಟಿಮೀಟರ್. ಮರಳು ಬಿಡುತ್ತಲೇ ಇದ್ದು ಸ್ಕೇಲು 4 ಸೆಂಟಿಮೀಟರ್ ತೋರಿಸುತ್ತಿದ್ದರೆ ಹೊರಬರುತ್ತಿರುವುದು ಗಂಟೆಗೆ 1.6 ಘನ ಮೀಟರ್ ಮಾತ್ರ. ಎತ್ತರ ಅರ್ಧಕ್ಕಿಳಿದರೆ ನೀರು ಐದರಲ್ಲೊಂದು ಪಾಲಿಗಿಂತ ಕಡಿಮೆಯಾಗುತ್ತದೆ. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಉಳಿದ ಏಳು ಘನ ಮೀಟರ್ ಒಳಗೇ ನಿಲ್ಲುತ್ತಿದೆ.

65ರ ಹದದಲ್ಲಿ ಏನಾಗುತ್ತದೆ ನೋಡಿ. ಹೆಚ್ಚುವರಿ ನೀರು ಗಂಟೆಗೆ 14.5 ಘನ ಮೀಟರ್. 150 ಚದರ ಮೀಟರ್ ಮರಳಿನ ಮೂಲಕ ಗಂಟೆಗೆ 100 ಮಿಲಿಮೀಟರ್‌ನಂತೆ ಇಳಿಯಬಲ್ಲದ್ದು ಹೆಚ್ಚೆಂದರೆ 15. ಅದೂ ತಳದ ಪೈಪುಗಳೆಲ್ಲ ತೆರೆದಿದ್ದರೆ, ಮರಳು ಎಲ್ಲೆಡೆ ಒಂದೇ ಸಮ ಇದ್ದರೆ. ಹಾಗೆ ಇರುವುದಿಲ್ಲ. ಅಂದರೆ ಆ ಹದಕ್ಕೆ ಇಳಿದ ದಿನ ಸ್ಟೋಪಿನ ಮೇಲೆ ಕೆರೆ ಕಟ್ಟುವುದು ಖಚಿತ.

ಕೆರೆ ಕಟ್ಟಿದರೆ ಇನ್ನೊಂದು ಕೇಡು ಹಿಂದೆಯೇ ಬರುತ್ತದೆ. ನೀರಿನಲ್ಲಿ ತೇಲುತ್ತಿದ್ದ ನುಣುಪು ಕೆಸರು ರಾತ್ರಿಯೆಲ್ಲ ಇಳಿದು, ಕಾದಾರಿದ ಹಾಲಿನ ಕೆನೆಯಂತೆ ಮರಳಿನ ಮೇಲೆ ಪದರಾಗಿ ಕೂರುತ್ತದೆ. ಬೆರಳು ದಪ್ಪದ ಆ ಪದರಿನಿಂದ ನೀರು ಇಳಿಯುವುದಿಲ್ಲ. ಮರುದಿನದ ಮರಳು ಅದರ ಮೇಲೆ ಬೀಳುತ್ತದೆ, ಮತ್ತೊಂದು ಕೆನೆ. ತಿಂಗಳ ಕೊನೆಗೆ ಸ್ಟೋಪು ಪದರು ಪದರಾಗಿ ನೀರು ಹಿಡಿದಿಟ್ಟ ಚಿರೋಟಿ. ಒಳಗಿಳಿದು ಕೆರೆಯಲು ಬರುವಂತಿಲ್ಲ, ತೆರೆದ ಸ್ಟೋಪಿಗೆ ಯಾರನ್ನೂ ಬಿಡುವುದಿಲ್ಲ. ಮಾಡಬಹುದಾದದ್ದು ಇಷ್ಟು: ರಾಡಿ ಬಿಡುವ ಬಾಯಿಯನ್ನು ಇಳಿಪೈಪುಗಳಿಂದ ದೂರದ ತುದಿಯಲ್ಲಿಟ್ಟು ಮರಳು ಇಳಿಜಾರಾಗಿ ಕೂತು ನೀರು ಪೈಪುಗಳತ್ತ ಹರಿಯುವಂತೆ ನೋಡಿಕೊಳ್ಳುವುದು, ಮತ್ತು ಕೆರೆ ಕಂಡರೆ ಅದು ಇಂಗುವ ತನಕ ಮುಂದಿನ ಮರಳು ಬಿಡದಿರುವುದು.

ಇಷ್ಟೆಲ್ಲ ನೀರಿನ ಹಿಂದೆ ಬಿದ್ದದ್ದೇಕೆಂದರೆ ಒಡ್ಡಿನ ಲೆಕ್ಕ ನಿಂತಿರುವುದೇ ಅದರ ಮೇಲೆ. ಕಣಜದಲ್ಲಿ ಜೋಳ ಎಷ್ಟೇ ಎತ್ತರ ತುಂಬಿದರೂ ತಳದ ಕಿಂಡಿಗೆ ಬೀಳುವ ಭಾರ ಆ ಲೆಕ್ಕದಲ್ಲಿ ಏರುವುದಿಲ್ಲ. ಕಾಳು ಪಕ್ಕದ ಗೋಡೆಗೆ ಆತುಕೊಳ್ಳುತ್ತದೆ. ಎರಡೂವರೆ ಮೀಟರ್ ಅಗಲದ ಸ್ಟೋಪಿನಲ್ಲಿ ನೀರಿಳಿದ ಮರಳೂ ಹಾಗೆಯೇ. ನೀರಿಗೆ ಆ ಗುಣ ಇಲ್ಲ. ಹತ್ತು ಮೀಟರ್ ನೀರು ನಿಂತರೆ ಚದರ ಮೀಟರಿಗೆ 10 ಟನ್. ನಮ್ಮ ಒಂದೊಂದು ಒಡ್ಡಿನ ಮೇಲೆ 62 ಟನ್. ರಾಡಿ ರಾಡಿಯಾಗಿಯೇ ಉಳಿದಿದ್ದರೆ 114 ಟನ್. ಪಶ್ಚಿಮ ಆಸ್ಟ್ರೇಲಿಯಾದ ಬ್ರಾಂಝ್‌ವಿಂಗ್ ಚಿನ್ನದ ಗಣಿಯಲ್ಲಿ 2000ದ ಜೂನ್‌ನಲ್ಲಿ ಇಂಥ ಒಡ್ಡು ಒಡೆದು ನುಗ್ಗಿದ ರಾಡಿಯಲ್ಲಿ ಮೂವರು ಸತ್ತರು. ಆ ನಂತರ ಒಡ್ಡಿನ ಹಿಂದೆ ನೀರಿನ ಒತ್ತಡ ಅಳೆಯುವ ಮೀಟರ್ ಇಡುವುದು, ಬಿಡುವಾಗ ಆ ಸುರಂಗಕ್ಕೆ ಯಾರೂ ಹೋಗದಂತೆ ಬೇಲಿ ಹಾಕುವುದು ಅನೇಕ ದೇಶಗಳಲ್ಲಿ ಗಟ್ಟಿಯಾಯಿತು.

ಒಡ್ಡು ಒಡೆಯುವ ಮೊದಲು ಹೇಳಿಯೇ ಒಡೆಯುತ್ತದೆ. ಸೋರುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. “ನೀರಿನ ಬಣ್ಣ ತಿರುಗ್ಯಾದ ಸರ” ಎಂದು ಕೆಳಗಿನಿಂದ ಫೋನು ಬಂದರೆ ಮರುಮಾತಿಲ್ಲದೆ ಮೇಲೆ ವಾಲ್ವ್ ಮುಚ್ಚಬೇಕು. ಯಾಕೆ, ಎಷ್ಟು ಎಂದು ಆಮೇಲೆ ಕೇಳಬಹುದು. ಕೆಂಪೋ ಬೂದಿಯೋ ಆದ ನೀರೆಂದರೆ ಮರಳು ಹೊರಬರುತ್ತಿದೆ, ಒಳಗೆ ಬಿಲ ಬೆಳೆಯುತ್ತಿದೆ. ಇನ್ನೊಂದು ಸೂಚನೆ ಇದಕ್ಕಿಂತ ಕಪಟಿ: ಸೋರುತ್ತಿದ್ದ ಒಡ್ಡು ಇದ್ದಕ್ಕಿದ್ದಂತೆ ಒಣಗುವುದು. ಹೊಸಬರು ಇದನ್ನು ಕಂಡು ಖುಷಿಪಡುತ್ತಾರೆ. ಬಿಡುವುದು ನಿಲ್ಲದೆ ಒಡ್ಡು ಒಣಗಿತೆಂದರೆ ಪೈಪು ಕಟ್ಟಿದೆ, ನೀರು ಹಿಂದೆ ಏರುತ್ತಿದೆ.

ಚಿನ್ನದ ಗಣಿಯಾದ್ದರಿಂದ, ಅದಿರಿನಿಂದ ಚಿನ್ನ ಕರಗಿಸಿ ತೆಗೆಯುವ ಸೈನೈಡಿನ ಮಾತು ಬಿಡಲಾಗದು. ಮಿಲ್ಲಿನಿಂದ ಬರುವ ರಾಡಿಯ ಪಿಎಚ್ 10ರ ಮೇಲೆ ಇರುತ್ತದೆ, ಸೈನೈಡ್ ನೀರಲ್ಲೇ ಕರಗಿ ಕೂತಿರುತ್ತದೆ. ಪಿಎಚ್ ಸುಮಾರು 9.2ಕ್ಕೆ ಇಳಿದರೆ ಅದರಲ್ಲಿ ಅರ್ಧ ಹೈಡ್ರೋಜನ್ ಸೈನೈಡ್ ಆಗಿರುತ್ತದೆ, ಗಾಳಿಗೆ ಏಳಬಲ್ಲ ವಿಷ. ಮೇಲೆ ಬಯಲಲ್ಲಿ ಅದು ಚದುರಿಹೋಗುತ್ತದೆ. ಕೆಳಗೆ, ಗಾಳಿಯಾಡದ ಸುರಂಗದಲ್ಲಿ, ಸಲ್ಫೈಡ್ ಕಲ್ಲಿನಿಂದ ಹುಳಿಯಾದ ಗಣಿನೀರಿಗೆ ಈ ನೀರು ಸೇರಿದರೆ ಪರಿಸ್ಥಿತಿ ಬೇರೆ. ಆದ್ದರಿಂದ ಸೈನೈಡ್ ನಾಶ ಮಾಡುವ ಕೆಲಸ ಮೇಲೆಯೇ, ಟ್ಯಾಂಕಿಗೆ ಬರುವ ಮೊದಲೇ ಮುಗಿಯಬೇಕು. ಒಡ್ಡಿನ ಬಳಿ ಹೋಗುವವನ ಎದೆಯ ಮೇಲೆ ಮೀಟರ್ ಇರಬೇಕು, 4.7 ಪಿಪಿಎಂ ಮೀರಬಾರದ ಮಿತಿ. ಕಹಿ ಬಾದಾಮಿಯ ವಾಸನೆ ಬರುತ್ತದೆ ಎಂಬುದನ್ನು ನಂಬಿ ಹೋಗಬೇಡಿ. ಅನೇಕರ ಮೂಗಿಗೆ ಅದು ಹತ್ತುವುದೇ ಇಲ್ಲ.

ಸಲ್ಫೈಡ್ ಹೆಚ್ಚಿರುವ ಟೇಲಿಂಗಿನಲ್ಲಿ ಸಿಮೆಂಟೂ ಮೋಸ ಮಾಡುತ್ತದೆ. 28 ದಿನದ ಸಿಲಿಂಡರ್ ಪರೀಕ್ಷೆಯಲ್ಲಿ ಗಟ್ಟಿಯಾಗಿದ್ದದ್ದು ಮೂರು ತಿಂಗಳಿಗೆ ಹುಡಿಯಾಗುವುದುಂಟು. ಪೈರೈಟ್ ಎಂಬ ಸಲ್ಫೈಡ್ ಖನಿಜ ಕೊಳೆತು ಬಂದ ಸಲ್ಫೇಟ್ ಸಿಮೆಂಟನ್ನು ಒಳಗಿನಿಂದ ಸೀಳುತ್ತದೆ. ಕುಲುಮೆಯ ಸ್ಲ್ಯಾಗ್ ಪುಡಿ, ಹಾರುಬೂದಿ ಬೆರೆಸಿದರೆ ತಡೆದುಕೊಳ್ಳುತ್ತದೆ, ಸಿಮೆಂಟೂ ಉಳಿಯುತ್ತದೆ. ಬಳ್ಳಾರಿಯ ಕಡೆ ಉಕ್ಕಿನ ಕುಲುಮೆ, ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರ ಇರುವ ನಮ್ಮ ಭಾಗಕ್ಕೆ ಎರಡೂ ದೂರವಿಲ್ಲ. ಆದರೆ ಇವು ನಿಧಾನಕ್ಕೆ ಗಟ್ಟಿಯಾಗುವುದರಿಂದ ಬಿರಡೆಗೆ ಕೊಡುವ ಒಂದು ವಾರದ ಬಿಡುವು ಸಾಲದು. ನಿಮ್ಮದೇ ಟೇಲಿಂಗಿನಲ್ಲಿ, ನಿಮ್ಮದೇ ಗಣಿನೀರಿನಲ್ಲಿ ಅಚ್ಚು ಹಾಕಿ 90 ದಿನದವರೆಗೆ ಒಡೆದು ನೋಡಿ.

ಈಗ ಎಲ್ಲರೂ ಕೇಳುವುದು ಪೇಸ್ಟ್ ಬಗ್ಗೆ. ರಾಜಸ್ಥಾನದ ರಾಂಪುರ ಅಗುಚ ಸತುವಿನ ಗಣಿಯಲ್ಲಿ ಅದೇ ಪದ್ಧತಿ. ನಮ್ಮ ರಾಡಿ ಅಂಬಲಿಯಾದರೆ ಪೇಸ್ಟ್ ಇಡ್ಲಿ ಹಿಟ್ಟು. ಅದಕ್ಕೆ ನುಣುಪು ಕಣ ಬೇಕೇ ಬೇಕು, 20 ಮೈಕ್ರಾನಿಗಿಂತ ಸಣ್ಣದು ನೂರಕ್ಕೆ 15 ಪಾಲಾದರೂ ಇರಬೇಕು; ನೀರನ್ನು ಹಿಡಿದಿಟ್ಟು ಪೈಪಿನಲ್ಲಿ ಜಾರಿಸುವುದು ಆ ಕಣಗಳೇ. ಕೆಸರು ಬೇರ್ಪಡಿಸುವ ಗೊಡವೆ ಇಲ್ಲ, ಹೆಚ್ಚುವರಿ ನೀರು ಬಹಳ ಕಡಿಮೆ, ‘ವಿ’ ತಗಡು ಬೇಡ. ಬದಲಿಗೆ ಥಿಕ್ನರ್, ಫಿಲ್ಟರ್, ಮಿಕ್ಸರ್, ಹಲವು ಕಡೆ ಪಿಸ್ಟನ್ ಪಂಪು. ಮತ್ತೆ ಇಡೀ ಸ್ಟೋಪಿಗೆ ಸಿಮೆಂಟ್. ಸಿಮೆಂಟ್ ಹಾಕದ ಪೇಸ್ಟ್ ಎಷ್ಟು ದಿನ ಕಳೆದರೂ ಮತ್ತೆ ಹರಿಯಬಲ್ಲದು. ಗಟ್ಟಿಯಾಗುವ ಮೊದಲ ಗಂಟೆಗಳಲ್ಲಿ ಪೇಸ್ಟ್ ಒಡ್ಡನ್ನು ಒತ್ತುವುದು ದ್ರವದ ಹಾಗೆಯೇ, ಹಾಗಾಗಿ ಒಡ್ಡಿನ ವಿಷಯದಲ್ಲಿ ಸಡಿಲ ಬಿಡಲು ಅಲ್ಲೂ ಆಗದು. ದೊಡ್ಡ ಅಗಲದ ಅದಿರಿಗೆ, ಪಕ್ಕಪಕ್ಕದ ಸ್ಟೋಪುಗಳಿಗೆ ಅದು ಹೇಳಿ ಮಾಡಿಸಿದ್ದು. ಎರಡೂವರೆ ಮೀಟರಿನ ಲೋಡಿಗೆ ಅಷ್ಟು ದೊಡ್ಡ ಕಾರ್ಖಾನೆ ಹೂಡುವುದು ನಮ್ಮ ಎಣಿಕೆಯಲ್ಲಿ ದುಬಾರಿ.

ಕೊನೆಯ ಎರಡು ಮೂರು ಮೀಟರ್ ಪೂರ್ತಿ ತುಂಬುವುದಿಲ್ಲ. ಮರಳು ಇಳಿಜಾರಾಗಿ ಕೂರುವುದರಿಂದ ಮೂಲೆಗಳಲ್ಲಿ ಸಂದು ಉಳಿಯುತ್ತದೆ. ನೀರಿಳಿದ ಮೇಲೆ ಮೇಲ್ಮೈ ಇನ್ನಷ್ಟು ಕುಸಿಯುತ್ತದೆ. ಬಿಡುವ ಬಾಯಿಯನ್ನು ಮೂರು ನಾಲ್ಕು ಕಡೆ ಬದಲಿಸಿ ಆದಷ್ಟು ತುಂಬಿಸಬೇಕು. ಒಂದು ಮಾತು ಬಿಡಿಸಿ ಹೇಳಬೇಕು: ಈ ಮರಳು ಬೆಟ್ಟವನ್ನು ಹೊರುವುದಿಲ್ಲ. ಕಲ್ಲಿಗೆ ಹೋಲಿಸಿದರೆ ಅದು ಹತ್ತಿಯ ದಿಂಬು. ಬಹಳ ಒತ್ತಿದ ಮೇಲೆ ಸ್ವಲ್ಪ ಎದುರು ನಿಲ್ಲುತ್ತದೆ. ಅದು ಮಾಡುವ ಉಪಕಾರವೆಂದರೆ ಪಕ್ಕದ ಗೋಡೆಗಳು ಚೂರುಚೂರಾಗಿ ಉದುರದಂತೆ ತಡೆಹಿಡಿಯುವುದು, ಒಂದು ಕಡೆಯ ಕುಸಿತ ಇನ್ನೊಂದಕ್ಕೆ ಹಬ್ಬಲು ಜಾಗವೇ ಇಲ್ಲದಂತೆ ಮಾಡುವುದು.

ಕೊನೆಯ ರಾಡಿ ಬಿಟ್ಟ ಮೇಲೂ ‘ವಿ’ ತಗಡು ಅಲ್ಲೇ ಇರುತ್ತದೆ. ಮೊದಲ ವಾರ ಪಾಳಿಗೊಮ್ಮೆ, ಆಮೇಲೆ ದಿನಕ್ಕೊಮ್ಮೆ ಸ್ಕೇಲು ಓದಿ ಪುಸ್ತಕದಲ್ಲಿ ಬರೆಯುತ್ತೇವೆ. ಚರಂಡಿಯ ಕೊನೆಯ ಸಂಪಿನಲ್ಲಿ ಕೂತ ನುಣುಪು ಕೆಸರನ್ನು ಈಗಲೇ ಎತ್ತಿಸಬೇಕು; ಬಿಟ್ಟರೆ ಪಂಪಿನ ಇಂಪೆಲ್ಲರ್ ತಿಂದುಹಾಕುತ್ತದೆ. ನೀರು ಪೂರ್ತಿ ನಿಲ್ಲುವ ತನಕ ಹತ್ತಿರದಲ್ಲಿ ದೊಡ್ಡ ಸಿಡಿತಕ್ಕೆ ಒಪ್ಪಿಗೆ ಇಲ್ಲ, ನೆನೆದ ಮರಳು ಅದುರಿದರೆ ಮತ್ತೆ ರಾಡಿಯಾಗುತ್ತದೆ. ನಾಲ್ಕೂ ಒಡ್ಡುಗಳ ಮುಂದಿನ ಬೇಲಿಯೂ ಅಲ್ಲಿಯವರೆಗೆ ತೆಗೆಯುವುದಿಲ್ಲ, ಆ ಸುರಂಗದಿಂದ ಹೋದರೆ ಮೇಲಕ್ಕೆ ಒಯ್ಯುವ ಕೇಜಿಗೆ (ಗಣಿಯ ಲಿಫ್ಟಿಗೆ) ಹತ್ತು ನಿಮಿಷ ಹತ್ತಿರವಾಗುತ್ತದೆ ಎಂದು ಪಾಳಿಯವರು ಎಷ್ಟೇ ಹೇಳಿದರೂ.